ಕನ್ನಡಿಯೂ ಕಪಾಟೂ

“ಅದೆಲ್ಲ ನಿನಗ್ಯಾಕಮ್ಮಾ, ನಾನು ಹಾಕಿಕೊಡ್ತೀನಿ” ಎಂದು ಮಗ ನನ್ನ ಫೋನು ಕಸಿದುಕೊಂಡು ಎರಡೇ ನಿಮಿಷದಲ್ಲಿ ಏನೇನೋ ಒತ್ತಿ ಹಿಂತಿರುಗಿಸಿದಾಗ ನನಗೂ ಹೆಮ್ಮೆಯೇ ಆಗಿತ್ತು. ಇನ್ನು ಫೋನಿನಲ್ಲಿದ್ದುದೆಲ್ಲ ತಾನಾಗಿಯೇ ಕಂಪ್ಯೂಟರಿಗೂ ಹೋಗುತ್ತದಂತೆ. ಹೋಯಿತು, ನಿಜ. ಆರು ತಿಂಗಳಿಗೆ ‘ಜಾಗವಿಲ್ಲ’ ಎಂದು ಫೋನು ಗೋಳಾಡತೊಡಗಿತು. ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ ಎಂಬ ಧೈರ್ಯದಲ್ಲಿ ಫೋನನ್ನು ಗುಡಿಸಿ ಸಾರಿಸಿದೆ. ಸಂಜೆ ನೋಡಿದರೆ ಕಂಪ್ಯೂಟರೂ ಗುಡಿಸಿ ಸಾರಿಸಿದ ಹಾಗಿದೆ! ಅಮ್ಮ ತಾನು ಹೋಗುವ ಮುಂಚಿನ ದೀಪಾವಳಿಯಲ್ಲಿ, ಕೆಮ್ಮುತ್ತ ಕೆಮ್ಮುತ್ತ ಹೇಳಿದ್ದ ಹನ್ನೊಂದು ಹಸೆ ಹಾಡುಗಳು ಅದರಲ್ಲಿದ್ದವು.

ಆಮೇಲೆ ತಿಳಿಯಿತು. ಸಿಂಕ್ ಎಂದರೆ ಕನ್ನಡಿ, ಕಪಾಟಲ್ಲ. ನೀವು ಸರಿದರೆ ಒಳಗಿನವಳೂ ಸರಿಯುತ್ತಾಳೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಈ ಒಂದು ಮಾತನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಸಿಟ್ಟು ಅರ್ಧ ನನ್ನ ಮೇಲೆಯೇ.

ಯಾಕೆ ಕೇಳುವುದಿಲ್ಲ ನಾವು? ಮಿಕ್ಸಿ ಕೊಳ್ಳುವಾಗ ಜಾರಿನ ಬ್ಲೇಡು ತಿರುಗಿಸಿ ನೋಡುತ್ತೇವೆ, ಸೀರೆಯ ಬಣ್ಣ ಬಿಡುತ್ತದೆಯೇ ಎಂದು ಸೆರಗಿನ ತುದಿ ಒದ್ದೆ ಮಾಡುತ್ತೇವೆ. ಮನೆಯ ನೆನಪನ್ನೆಲ್ಲ ತುಂಬಿಡುವ ತಂತ್ರಾಂಶವನ್ನು ಮಾತ್ರ ಗಂಡನೋ ಮಗನೋ ಕೊಟ್ಟ ಹಾಗೆ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇವೆ. ‘ಫ್ರೀ’ ಎಂದರಂತೂ ಮುಗಿಯಿತು. ಗೂಗಲ್ ಫೋಟೋಸ್ ಎಷ್ಟಾದರೂ ಚಿತ್ರ ತುಂಬಿರಿ ಎಂದು ವರ್ಷಗಟ್ಟಲೆ ರೂಢಿ ಮಾಡಿಸಿ, 2021ರ ಜೂನ್ 1ರಿಂದ ಹೊಸ ಚಿತ್ರಗಳನ್ನೂ 15 ಜಿಬಿಯ ಲೆಕ್ಕಕ್ಕೆ ಸೇರಿಸಿತು. ಅದರಲ್ಲಿಯೇ ನಿಮ್ಮ ಮಿಂಚಂಚೆಯೂ ಇರಬೇಕು. ತುಂಬಿತೋ, ತಿಂಗಳ ಬಾಡಿಗೆ. ಊರೆಲ್ಲ ನೆಚ್ಚಿಕೊಂಡಿದ್ದ ಶೇರ್‌ಇಟ್, ಜೆಂಡರ್‌ಗಳನ್ನು ಸರ್ಕಾರ 2020ರ ಜೂನ್ 29ರಂದು 59 ಆ್ಯಪ್‌ಗಳ ಪಟ್ಟಿಯಲ್ಲಿ ನಿಷೇಧಿಸಿತು.

ನಾನೀಗ ಸಿಂಕ್‌ಥಿಂಗ್ ಇಟ್ಟುಕೊಂಡಿದ್ದೇನೆ. 2013ರಿಂದ ಇದೆ, ದುಡ್ಡಿಲ್ಲ, ಒಳಗೇನಿದೆ ಎಂದು ಬಲ್ಲವರು ಬಿಚ್ಚಿ ನೋಡಬಹುದು. ಫೋನೂ ಕಂಪ್ಯೂಟರೂ ಪರಸ್ಪರ ಒಪ್ಪಿದರೆ ಮಾತ್ರ ಕೊಡು-ಕೊಳ್ಳು. ನಡುವೆ ಯಾರ ಗೋದಾಮೂ ಇಲ್ಲ. ಎರಡೂ ಒಟ್ಟಿಗೆ ಎಚ್ಚರವಿರಬೇಕು, ಅದೊಂದು ರಗಳೆ. ಇದೇನೂ ದೇವರಲ್ಲ. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತೇ ಹೋಯಿತು. ಬೇರೆಯವರು ಮುಂದುವರಿಸಿದ ಕವಲೇ ಈಗ ಆಧಾರ. ಇದೂ ಕನ್ನಡಿಯೇ. ಆದರೆ ಕಂಪ್ಯೂಟರಿನ ಕಡೆ ‘ಫೈಲ್ ವರ್ಷನಿಂಗ್’ ಎಂಬುದನ್ನು ನಾವಾಗಿ ಚಾಲೂ ಮಾಡಿದರೆ, ಫೋನಿನಲ್ಲಿ ಅಳಿಸಿದ್ದು ಇಲ್ಲಿ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ಮೊದಲು ಒಂದು ಬೇಡದ ಚಿತ್ರ ಅಳಿಸಿ ನೋಡಿ, ಆಮೇಲೆ ನಂಬಿ. ಇಷ್ಟೆಲ್ಲ ಬೇಡವೆನ್ನುವವರು ಎರಡು ತಿಂಗಳಿಗೊಮ್ಮೆ ವೈರು ಚುಚ್ಚಿ ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ಇನ್ನೊಂದು ಪ್ರತಿ ಮಾಡಿಡಿ. ಅದಕ್ಕೆ ಮಗನ ರಜೆ ಕಾಯಬೇಕಾಗಿಲ್ಲ.

ಹನ್ನೊಂದರಲ್ಲಿ ಎರಡು ಹಾಡು ಉಳಿದಿವೆ, ತಂಗಿಗೆ ಆಗಲೇ ಕಳಿಸಿದ್ದವು. ಎರಡನೆಯದು ಕೆಮ್ಮು ಬಂದು ನಡುವೆ ನಿಂತುಹೋಗುತ್ತದೆ.