ಉತ್ತರಕುಮಾರನ ಉಳಿದ ಕಥೆ

ಸೈನ್ಯದ ತರಬೇತಿಗೆಂದು ಹೋದ ಹುಡುಗ ಎರಡು ತಿಂಗಳಲ್ಲಿ ಮನೆಗೆ ಮರಳಿದನೆಂದರೆ ಊರಿನ ಕಟ್ಟೆಯಲ್ಲಿ ಅವನಿಗೊಂದು ಹೆಸರು ಸಿದ್ಧವಾಗಿರುತ್ತದೆ: ‘ಉತ್ತರಕುಮಾರ’. ಭಾರತವನ್ನು ಓದದವರ ನಾಲಗೆಯ ಮೇಲೂ ಈ ಹೆಸರು ಸಲೀಸಾಗಿ ಹೊರಳುತ್ತದೆ. ಕುಮಾರವ್ಯಾಸನ ವಿರಾಟಪರ್ವವನ್ನು ಹಲವು ವರ್ಷ ಪಾಠ ಹೇಳಿರುವ ನನಗೆ ಈ ಹೋಲಿಕೆ ನ್ಯಾಯವಾದುದೆಂದು ತೋರುವುದಿಲ್ಲ.

ಉತ್ತರನು ಓಡಿದ್ದು ರಣರಂಗದಿಂದ; ಕೌರವಸೇನೆ ಎದುರಿಗಿದ್ದಾಗ, ಗೋವುಗಳನ್ನು ಬಿಡಿಸಿ ತರುವ ಹೊಣೆ ಹೆಗಲೇರಿದ್ದಾಗ. ತರಬೇತಿಯ ಕಾಲವಾದರೋ ಪರೀಕ್ಷೆಯ ಕಾಲ. ಸೈನ್ಯವು ಹುಡುಗನನ್ನು ಒರೆಗೆ ಹಚ್ಚುವಂತೆ ಹುಡುಗನೂ ತನ್ನನ್ನು ತಾನು ಒರೆಗೆ ಹಚ್ಚಿಕೊಳ್ಳುತ್ತಾನೆ. ಆಗ ಬಿಟ್ಟು ಬಂದವನಿಂದ ಯಾವ ಸಂಗಾತಿಯ ಪ್ರಾಣಕ್ಕೂ ಕುಂದಿಲ್ಲ. ಒಲ್ಲದ ಮನಸ್ಸಿನಿಂದ ಉಳಿದು ಗಡಿಯ ಕಾವಲಿಗೆ ನಿಂತವನ ವಿಷಯದಲ್ಲಿ ಹಾಗೆ ಹೇಳಲಾಗದು.

ಹಾಗೆಂದು ಮರಳುವುದೆಲ್ಲ ವಿವೇಕವೂ ಅಲ್ಲ. ಬೆಳಕು ಹರಿಯುವ ಮೊದಲೇ ಏಳುವುದು, ಕಾಲು ಸೋಲುವವರೆಗೆ ಓಡುವುದು, ಅರ್ಥವಾಗದ ಹಿಂದಿಯಲ್ಲಿ ಉಸ್ತಾದರ ಗದರಿಕೆ, ರಾತ್ರಿ ನೆನಪಾಗುವ ತಾಯಿಯ ಕೈಯೂಟ—ಮೊದಲ ವಾರಗಳಲ್ಲಿ ಇವು ಯಾರನ್ನಾದರೂ ಕುಗ್ಗಿಸುತ್ತವೆ. ಇದು ದಣಿವು; ಸ್ವಭಾವದ ತೀರ್ಪಲ್ಲ. ಮೈ ಪಳಗಿದ ಮೇಲೂ ಆಜ್ಞೆಗೆ ತಲೆಬಾಗುವ ಬದುಕೇ ಉಸಿರುಗಟ್ಟಿಸಿದರೆ, ಆಯುಧ ಹಿಡಿಯುವುದಕ್ಕೇ ಮನಸ್ಸು ಒಪ್ಪದಿದ್ದರೆ, ಅದು ಬೇರೆಯೇ ಮಾತು. ನನ್ನ ವಿದ್ಯಾರ್ಥಿಯೊಬ್ಬನು ಮೂರನೆಯ ವಾರದಲ್ಲಿ ‘ಬಂದುಬಿಡುತ್ತೇನೆ’ ಎಂದು ಬರೆದಿದ್ದನು. ಇಂದು ಅವನು ಹವಾಲ್ದಾರ. ಇನ್ನೊಬ್ಬನು ನಿಜವಾಗಿಯೂ ಬಂದನು. ನಾಚಿಕೆಯಿಂದ ಒಂದು ವರ್ಷ ಊರಜಾತ್ರೆಗೂ ಕಾಲಿಡಲಿಲ್ಲ. ದಣಿವು ಯಾವುದು, ಸ್ವಭಾವ ಯಾವುದು ಎಂದು ಬೇರ್ಪಡಿಸಿಕೊಳ್ಳಲು ಇಬ್ಬರಿಗೂ ನಾವು ಕಲಿಸಿರಲಿಲ್ಲ.

ಹೊರಬರುವ ಬಾಗಿಲಾದರೂ ಅಗಲವಾಗಿದೆಯೆ? 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆ ವರ್ಷ ತುಂಬಿದವನು ನಾಲ್ಕು ವರ್ಷಗಳ ಸೇವೆಗೆ ಸೇರಬಹುದು. ಆದರೆ ತೀರ ಅಪವಾದದ ಸಂದರ್ಭ ಹೊರತು ತಾನಾಗಿ ಬಿಡುವಂತಿಲ್ಲ. ಅಧಿಕಾರಿಯಾಗಲು ಹೋದ ಕೆಡೆಟ್ ಸ್ವಂತ ಇಚ್ಛೆಯಿಂದ ಬಿಟ್ಟರೆ ತರಬೇತಿಯ ವೆಚ್ಚವನ್ನು ತೆರಬೇಕಾಗುತ್ತದೆ. ಆದ್ದರಿಂದ ‘ಇದು ನನಗೆ ಒಗ್ಗುವುದೆ?’ ಎಂಬ ಪ್ರಶ್ನೆಯನ್ನು ರೈಲು ಹತ್ತುವ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಹುಡುಗರು ನೇಮಕಾತಿಯ 1,600 ಮೀಟರ್ ಓಟಕ್ಕೆ ತಿಂಗಳುಗಟ್ಟಲೆ ಕಾಲನ್ನು ಪಳಗಿಸುತ್ತಾರೆ, ಮನಸ್ಸನ್ನು ವಿಚಾರಿಸುವವರಿಲ್ಲ. ಹಾರ ಹಾಕಿ ಕಳುಹಿಸುವ ಸಭೆಯಲ್ಲಿ ನಾವು ಅಧ್ಯಾಪಕರು ವೀರಗಲ್ಲುಗಳ ನಾಡೆಂದು ಭಾಷಣ ಮಾಡುತ್ತೇವೆ. ಅದರ ಬದಲು ನಿವೃತ್ತ ಯೋಧರೊಬ್ಬರನ್ನು ತರಗತಿಗೆ ಕರೆದು, ಅಲ್ಲಿನ ದಿನಚರಿಯನ್ನು ಇದ್ದದ್ದಿದ್ದಂತೆ ಹೇಳಿಸಿದರೆ ಹೆಚ್ಚು ಉಪಕಾರವಾದೀತು.

ಇನ್ನು ಮರಳಿ ಬಂದವನ ಮಾತು. ಓಡಿದ ಉತ್ತರನನ್ನು ಅರ್ಜುನನು ಕೈಬಿಡಲಿಲ್ಲ. ಹಿಡಿದು ತಂದು, ಧೈರ್ಯ ಹೇಳಿ, ಅವನಿಂದಾಗುವ ಕೆಲಸವಾದ ಸಾರಥ್ಯವನ್ನು ಒಪ್ಪಿಸಿದನು. ವ್ಯಾಸಭಾರತದ ಭೀಷ್ಮಪರ್ವದಲ್ಲಿ ಅದೇ ಉತ್ತರನು ಕುರುಕ್ಷೇತ್ರದ ಮೊದಲನೆಯ ದಿನವೇ ಶಲ್ಯನನ್ನು ಎದುರಿಸಿ ಮಡಿದನು. ನಮ್ಮ ಲೋಕೋಕ್ತಿಗೆ ಆ ದಿನ ನೆನಪಿಲ್ಲ. ಅವನು ಓಡಿದ ದಿನವೊಂದೇ ನೆನಪು. ತರಬೇತಿ ಬಿಟ್ಟು ಬಂದ ಹುಡುಗನು ಮಡಿದೇ ಮಾನ ಉಳಿಸಿಕೊಳ್ಳಬೇಕೆಂದೇನೂ ಇಲ್ಲ. ಅವನಿಗೆ ಒಗ್ಗುವ ಕೆಲಸವೊಂದನ್ನು ಕೈಗೆ ಕೊಟ್ಟು, ಅಡ್ಡಹೆಸರಿನಿಂದಲ್ಲ, ತಾಯಿತಂದೆ ಇಟ್ಟ ಹೆಸರಿನಿಂದ ಕರೆದರೆ ಸಾಕು.