ಪೊಟ್ಟಣ ಹಿಡಿದವನಿಗೆ ಜೈಲು, ಆಸ್ಪತ್ರೆಯ ಬಾಗಿಲು ಯಾರಿಗೆ?

ಮಂಡಿಯಲ್ಲಿ ಮೂಟೆ ಹೊರುವ ಹಮಾಲನೊಬ್ಬನ ಜೇಬಿನಲ್ಲಿ 20 ಗ್ರಾಂ ಗಾಂಜಾ ಸಿಕ್ಕಿತೆಂದು ಇಟ್ಟುಕೊಳ್ಳಿ. 1985ರ ಮಾದಕ ವಸ್ತುಗಳ ಕಾಯಿದೆಯ ಲೆಕ್ಕದಲ್ಲಿ ಒಂದು ಕಿಲೋವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ಅದಕ್ಕೆ ಒಂದು ವರುಷದವರೆಗೆ ಕಠಿಣ ಸಜೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 2014ಕ್ಕೆ ಮುಂಚೆ ಸಜೆಯ ಮಿತಿ ಆರು ತಿಂಗಳಿತ್ತು. ತಿದ್ದುಪಡಿ ಮಾಡಿ ಅದನ್ನು ಇಮ್ಮಡಿಗೊಳಿಸಿದರು. (ಅದೇ ಗಿಡದ ಬರೀ ಎಲೆಯನ್ನು ಕಾಯಿದೆ ಗಾಂಜಾ ಎನ್ನುವುದಿಲ್ಲ. ಉತ್ತರದ ಕೆಲವು ರಾಜ್ಯಗಳಲ್ಲಿ ಸರಕಾರವೇ ಲೈಸೆನ್ಸು ಕೊಟ್ಟು ಭಂಗಿ ಅಂಗಡಿ ಇಡಿಸಿದೆ!)

ಗಾಂಜಾ ಒಳ್ಳೆಯದೆಂದು ನಾವು ವಾದಿಸುತ್ತಿಲ್ಲ. ಕೂಲಿಯ ದುಡ್ಡನ್ನು ಹೊಗೆ ಮಾಡಿದವನ ಮನೆಯಲ್ಲಿ ಒಲೆ ಹೊಗೆಯಾಡುವುದಿಲ್ಲವೆಂಬುದು ನಮಗೂ ಗೊತ್ತು. ನಮ್ಮ ಪ್ರಶ್ನೆ ಬೇರೆ. ಕಾಯಿದೆ ಬರೆದ ಶಿಕ್ಷೆ ಒಂದು, ಬಡವ ಉಣ್ಣುವ ಶಿಕ್ಷೆ ಇನ್ನೊಂದು.

ಮೊದಲು ಜಾಮೀನು. ಜಾಮೀನುದಾರ ಪಹಣಿ ತರಬೇಕು. ಗೇಣು ಭೂಮಿಯಿಲ್ಲದ ಕುಲದಲ್ಲಿ ಪಹಣಿ ಎಲ್ಲಿಂದ ಬರಬೇಕು? ಮೋತಿರಾಮನೆಂಬ ಬಡ ಗಾರೆಯವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನೂ ಒಪ್ಪದೆ ಹೋದಾಗ, 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಪದ್ಧತಿಯನ್ನೇ ಝಾಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ತೀರ್ಪು ಪುಸ್ತಕದಲ್ಲಿದೆ, ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಇಂದಿಗೂ ಪಹಣಿಯನ್ನೇ ಕೇಳುತ್ತಾರೆ.

ಆಮೇಲೆ ವಾಯಿದೆಗಳು. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಖೋತಾ, ಬಸ್ಸಿನ ಖರ್ಚು, ವಕೀಲರ ಫೀಜು. ಕೊನೆಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಸಾಕಪ್ಪಾ ಅನಿಸುತ್ತದೆ. ಕಟ್ಟಿದೊಡನೆ ಅವನು ಸಜಾ ಆದ ಅಪರಾಧಿ. ಇನ್ನೊಮ್ಮೆ ಸಿಕ್ಕಿಬಿದ್ದರೆ ಸಜೆಯ ಮಿತಿ ಒಂದೂವರೆ ಪಟ್ಟು. ನಾಳೆ ಜವಾನನ ಕೆಲಸಕ್ಕೆ ಅರ್ಜಿ ಹಾಕಿದರೆ ಖಟ್ಲೆಯ ಸಂಗತಿ ಬರೆಯಬೇಕು. ಮುಚ್ಚಿಟ್ಟರೆ ನೇಮಕ ರದ್ದಾಗಬಹುದೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬರೆದರೆ ಯಾರು ಕರೆದು ಕೂರಿಸುತ್ತಾರೆ?

ಹೆರಾಯಿನ್ನಿನ ಪುಡಿಯ ಕತೆ ಇನ್ನೂ ಘೋರ. ಅದರಲ್ಲಿ ಅಲ್ಪ ಪ್ರಮಾಣವೆಂದರೆ 5 ಗ್ರಾಂ. ಬಡವನ ಕೈಗೆ ಬರುವುದು ಕಲಬೆರಕೆಯ ಮಾಲು. ನಿಜವಾದ ವಸ್ತು 2 ಗ್ರಾಂ, ಮಿಕ್ಕ 8 ಗ್ರಾಂ ಬೇರಾವುದೋ ಪುಡಿ ಇದ್ದರೂ ತಕ್ಕಡಿಗೆ ಹತ್ತೂ ಗ್ರಾಂ ಬೀಳುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೀಗೆಂದೇ ತೀರ್ಮಾನಿಸಿತು. ಆಗ ಅವನ ಶಿಕ್ಷೆಯ ಮಿತಿ ಒಂದು ವರುಷವಲ್ಲ, ಹತ್ತು ವರುಷ. ದಂಡ ಒಂದು ಲಕ್ಷದವರೆಗೆ. ಬೆರಕೆ ಮಾಡಿ ಲಾಭ ಹೊಡೆದವನು ಎಲ್ಲಿಯೋ ಇದ್ದಾನೆ. ಬೆರಕೆಯ ತೂಕಕ್ಕೆ ಜೈಲು ಮಾತ್ರ ಕೊಂಡವನಿಗೆ.

ಈ ಕಾಯಿದೆಯೊಳಗೇ ಒಂದು ಒಳ್ಳೆಯ ಬಾಗಿಲಿದೆಯೆಂಬುದನ್ನು ಎಷ್ಟು ಮಂದಿ ಬಲ್ಲರು? 64-ಎ ಕಲಮಿನ ಮೇರೆಗೆ, ಅಲ್ಪ ಪ್ರಮಾಣದ ಖಟ್ಲೆಯಲ್ಲಿ ಸಿಕ್ಕ ವ್ಯಸನಿಯು ತಾನಾಗಿ ಸರಕಾರಿ ಇಲ್ಲವೆ ಸರಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮುಗಿಸಿದರೆ ಅವನ ಮೇಲೆ ಖಟ್ಲೆ ನಡೆಸುವಂತಿಲ್ಲ. ಅಪರಾಧಿಯೆಂದು ತೀರ್ಮಾನವಾದ ಮೇಲೂ, 39ನೆಯ ಕಲಮಿನಂತೆ, ಅವನೊಪ್ಪಿದರೆ ಕೋರ್ಟು ಅವನನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಕಾಯಿದೆ ಹೀಗಿರುವಾಗ ಲಾಕಪ್ಪಿನಲ್ಲಿ ಕೂತವನಿಗೆ ಈ ಮಾತನ್ನು ಹೇಳುವವರು ಯಾರು? ಪೋಲೀಸಿನವರಿಗೆ ಬೇಕಾದುದು ಖಟ್ಲೆಯ ಸಂಖ್ಯೆ. ಪುಕ್ಕಟೆ ಕಾನೂನು ನೆರವಿನ ವಕೀಲರ ಹೆಸರನ್ನೇ ಅವನು ಕೇಳಿರುವುದಿಲ್ಲ.

ಆದ್ದರಿಂದ ಅಲ್ಪ ಪ್ರಮಾಣದ ಆಪಾದಿತನನ್ನು ಮೊದಲ ಸಲ ಹಾಜರುಪಡಿಸಿದಾಗಲೇ ಈ ಎರಡು ಕಲಮುಗಳನ್ನು ಕನ್ನಡದಲ್ಲಿ ಅವನಿಗೆ ಓದಿ ಹೇಳಬೇಕು. ಆಸ್ತಿಯಿಲ್ಲದವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಇಂಥವರಿಗೆಂದು ಎಷ್ಟು ಹಾಸಿಗೆಗಳಿವೆ ಎಂಬುದನ್ನು ಈ ಜಿಲ್ಲೆಯ ಶಾಸಕರು ಬರುವ ಅಧಿವೇಶನದಲ್ಲಿ ಎದ್ದು ನಿಂತು ಕೇಳಲಿ.