‘ನಂಗದೆಲ್ಲ ಅರ್ಥ ಆಗಲ್ಲ ಗುರೂ’

ಆಫೀಸಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹೆಸರೆತ್ತಿದರೆ ಸಾಕು, ‘ನಂಗದೆಲ್ಲ ಅರ್ಥ ಆಗಲ್ಲ ಗುರೂ’ ಅಂತಾರೆ. ಎಷ್ಟು ಸಲ ಕೇಳಿದ್ದೀಯ ಅಂದ್ರೆ, ಒಂದ್ಸಲ. ಅದೂ ಮೂರು ನಿಮಿಷ. ಇದೇ ಮಂದಿ ಯಾರೋ ಬರೆದಿಟ್ಟು ಹೋದ ಹಳೇ ಕೋಡನ್ನು ಇಪ್ಪತ್ತು ಸಲ ಓದಿ ಅರ್ಥ ಮಾಡ್ಕೋತಾರೆ. ಅದಕ್ಕೆ ಸಂಬಳ ಇದೆ ಅನ್ನೋದು ಬೇರೆ ಮಾತು.

ಅವರ ಶಿವಮತ ಭೈರವ ಮೊದಲ ಸಲ ಕೇಳಿದಾಗ ನಂಗೂ ಕಿರಿಚಾಟ ಅನ್ನಿಸಿತ್ತು. ನಿಧಾನದ ಪೀಠಿಕೆಯಿಲ್ಲ, ನೇರ ಬಂದಿಶ್, ಅದರ ಬೆನ್ನಿಗೇ ತಾನ್‌ಗಳು, ಉಸಿರಾಡೋಕೆ ಜಾಗ ಇಲ್ಲ. ಹಟಕ್ಕೆ ಬಿದ್ದು ಕ್ಯಾಬಿನಲ್ಲಿ ದಿನಾ ಅದನ್ನೇ ಹಾಕಿಕೊಂಡೆ. ಎರಡನೇ ವಾರ ಬೇರೇನೂ ತಿಳಿಯಲಿಲ್ಲ, ಸಮ್ ಒಂದು ಸಿಕ್ಕಿತು. ಎಲ್ಲೆಲ್ಲೋ ಅಲೆದ ತಾನ್ ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತೆ. ಅದಕ್ಕಾಗಿ ಕಾಯೋದು ಶುರುವಾದ ಮೇಲೆ ಕಿರಿಚಾಟ ಮಾಯ. ಭೈರವದ ನಡುವೆ ತೋಡಿಯ ನೆರಳು ಹಾದುಹೋಗೋದು ಕಿವಿಗೆ ಬಿದ್ದದ್ದು ತಿಂಗಳಾದ ಮೇಲೆ. ಅದು ತೋಡಿ ಅಂತ ಗೊತ್ತಾದದ್ದು ಇನ್ನೂ ಆಮೇಲೆ.

‘ಅದಕ್ಕೆಲ್ಲ ಸಂಸ್ಕಾರ ಬೇಕ್ರೀ’ ಅನ್ನೋ ಮುಂದಿನ ಸಾಲಿನ ರಸಿಕರ ಮೇಲೂ ನಂಗೆ ಸಿಟ್ಟಿದೆ. ನಮ್ಮೂರಲ್ಲಿ ಇದ್ದದ್ದು ಭಜನೆ, ಜಾತ್ರೆ ಮೈಕು. 1910ರಲ್ಲಿ ಧಾರವಾಡದ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ಮನ್ಸೂರರೂ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರೇ. ಗ್ವಾಲಿಯರ್ ಗಾಯಕಿ ಕಲಿತು ಹೆಸರು ಮಾಡಿದ ಮೇಲೂ ಮಂಜಿ ಖಾನರ ಮುಂದೆ ಕೂತು ಜೈಪುರ ಘರಾನೆಯನ್ನು ಹೊಸದಾಗಿ ಕಲಿತರು. ಹಾಡೋರೇ ಹಾಗೆ ಕೂತರು, ಬರೀ ಕೇಳೋ ನಮಗೇನು ಧಾಡಿ?

ಹತ್ತು ಸಲ ಕೇಳಿಯೂ ಹಿಡಿಸದಿದ್ರೆ ಬಿಟ್ಟುಬಿಡಿ. ನಾನೂ ಕೆಲವರನ್ನು ಹಾಗೇ ಬಿಟ್ಟಿದ್ದೀನಿ, ಹೆಸರು ಹೇಳಿದ್ರೆ ರಸಿಕರು ಹೊಡೀತಾರೆ.